ಬಲಗಡೆಯ ಹೋಳು

ಹಳೆಯ ಕೀಬೋರ್ಡನ್ನು ನೆಲಕ್ಕೆ ಅಪ್ಪಳಿಸಿ ಒಡೆದವಳು ಶಾಂಭವಿಯೇ. ಅದಕ್ಕೆ ಅವಳಿಗೆ ಎಳ್ಳಷ್ಟೂ ಪಶ್ಚಾತ್ತಾಪವಿರಲಿಲ್ಲ.

ಆ ಊರಿನಲ್ಲಿ ಮದುವೆಯಾದವರು ಒಬ್ಬರೇ ಕೂತು ಏನನ್ನೂ ಬರೆಯುವಂತಿಲ್ಲ. ಕೀಬೋರ್ಡಿನ ಎಡಗಡೆಯ ಹೋಳು ಹೆಂಡತಿಯ ಬೆರಳಿಗೆ ಮಾತ್ರ ಓಗೊಡುತ್ತದೆ, ಬಲಗಡೆಯದು ಗಂಡನ ಬೆರಳಿಗೆ. ಬರೆದದ್ದನ್ನು ಕಳಿಸುವ ಎಂಟರ್ ಕೀ ಅಜ್ಜ ಮುತ್ತಜ್ಜರ ಕಾಲದಿಂದಲೂ ಬಲಕ್ಕೇ ಇದೆ. ಹಾಗಾಗಿ ಶಾಂಭವಿಯ ವರ್ಗಾವಣೆ ಅರ್ಜಿಯನ್ನು ಗಂಡ ಚನ್ನವೀರ ಪ್ರತಿವರ್ಷವೂ ನಗುನಗುತ್ತಲೇ ಜೊತೆಗೆ ಕೂತು ಟೈಪ್ ಮಾಡುತ್ತಿದ್ದ. ಕೊನೆಗೆ "ನೋಡೂಣಂತ ತಡಿ" ಎಂದು ಎಂಟರ್ ಒತ್ತದೆ ಕೈ ಎತ್ತಿಬಿಡುತ್ತಿದ್ದ.

ಹಳೆಯದು ಚೂರಾದಾಗಲೂ ಅವನು ನಕ್ಕಿದ್ದ. "ಹೊಸಾದು ನಿನಗ ಬೇಕಾದಂಗ ಮಾಡಿಸ್ಕೊ. ಸಿಟ್ಟರ ಇಳೀಲಿ."

ಹೊಸದು ಬಂದ ದಿನ ಇಬ್ಬರೂ ವಾಡಿಕೆಯಂತೆ ತಂತಮ್ಮ ಹೋಳಿನ ಮೇಲೆ ಒಂದೊಂದೇ ಬೆರಳೊತ್ತಿ ಗುರುತು ಹಿಡಿಸಿದರು.

"ಸಪ್ಪಳ ಛಲೋ ಐತಲ್ಲ," ಎಂದ ಚನ್ನವೀರ.

ಶಾಂಭವಿ ಹಲ್ಲು ಕಚ್ಚಿಕೊಂಡೇ ಹೇಳಿದಳು. "ಮೊದಲ ನನ್ನ ಅರ್ಜಿ ಬರಿಯೂಣ್ರಿ."

ಅವನು ತಕರಾರು ಮಾಡಲಿಲ್ಲ. ಕೊನೆಯ ಸಾಲಿನವರೆಗೂ ಜೊತೆಗೆ ಬರೆದು, ಎಂದಿನಂತೆ ಕೈ ಎತ್ತಿ ಚಹಾದ ಕಪ್ಪಿಗೆ ಚಾಚಿದ. "ನೋಡೂಣಂತ ತಡಿ."

ಶಾಂಭವಿ ಎಡಗೈ ಹೆಬ್ಬೆರಳಿನಿಂದ ಮೇಜು ಅದುರುವಂತೆ ಒಂದು ಕೀ ಕುಟ್ಟಿದಳು. ಅರ್ಜಿ ತಲುಪಿತೆಂದು ಪರದೆಯ ಮೇಲೆ ಮೂಡಿತು. ಚನ್ನವೀರ ತನ್ನ ಹೋಳನ್ನೆಲ್ಲ ತಡಕಾಡಿದ.

"ಎಂಟರ್ ಎಲ್ಲೈತಿ?"

"ನೀವು ಹೇಳಿದಂಗ, ನನಗ ಬೇಕಾದಲ್ಲಿ ಹಾಕಿಸೀನಿ," ಎಂದಳು. "ಚಾ ಆರಾಕತ್ತೈತಿ, ಕುಡೀರಿ."