ಹರಕೆಯ ಕಿವಿಯೋಲೆ

ಕಾವಲುಗಾರ ಈ ಕೋಣೆಗೂ ಹಿಂದೆಯೇ ಬಂದ.

ಫಿಲಿಪ್ಪಾಳ ಮುಷ್ಟಿಯೊಳಗಿನ ಚಿನ್ನದ ಓಲೆಗಳು ಬೆವರಿಗೆ ಜಾರುತ್ತಿದ್ದವು. ಪಲೆರ್ಮೊದ ಹಳೆಯ ಅರಮನೆ ಮ್ಯೂಸಿಯಂ ಆದ ಮೇಲೆ ಜನವೇ ಕಡಿಮೆ. ಇವತ್ತು ಅವಳೊಬ್ಬಳು, ಬೆನ್ನಿಗೆ ಅಂಟಿಕೊಂಡ ಈ ಪುಣ್ಯಾತ್ಮನೊಬ್ಬ.

ಅತ್ತ ಆಸ್ಪತ್ರೆಯಲ್ಲಿ ಮೊಮ್ಮಗಳು ಇಲೇನಿಯಾಳಿಗೆ ಕಣ್ಣಿನ ಆಪರೇಷನ್. ಅದು ಶುರುವಾಗುವ ಮೊದಲೇ ಓಲೆಗಳನ್ನು ಸಂತ ಲೂಚಿಯಾಳಿಗೆ ಮುಟ್ಟಿಸುತ್ತೇನೆಂದು ಅಜ್ಜಿ ಹರಕೆ ಹೊತ್ತಿದ್ದಳು. ಕಣ್ಣು ಕಾಯುವವಳು ಲೂಚಿಯಾ; ತನ್ನವೇ ಎರಡು ಕಣ್ಣುಗಳನ್ನು ತಟ್ಟೆಯಲ್ಲಿ ಹಿಡಿದು ನಿಂತವಳು. ಊರ ಚರ್ಚಿನ ಚಾವಣಿ ಕುಸಿದಾಗ ಅಲ್ಲಿದ್ದ ಅವಳ ಮರದ ಮೂರ್ತಿಯನ್ನು ಸರ್ಕಾರದವರು ಇಲ್ಲಿಗೆ ಹೊತ್ತು ತಂದಿದ್ದರು. ಈಗ ಮುಟ್ಟಿದರೆ ಪೊಲೀಸರು. ನಮ್ಮೂರಿನವಳನ್ನು ನಾವೇ ಮುಟ್ಟಬಾರದಂತೆ, ಇದ್ಯಾವ ನ್ಯಾಯ!

“ಯಾರನ್ನ ನೋಡ್ಬೇಕು ಹೇಳಿ ಅಜ್ಜಿ, ತೋರಿಸ್ತೀನಿ.”

“ಸುಮ್ನೆ ನೋಡ್ತಿದ್ದೀನಪ್ಪ. ನೋಡಬಾರ್ದಾ?”

“ಧಾರಾಳವಾಗಿ ನೋಡಿ. ಮಹಡೀಲೂ ಸಂತರು ಇದ್ದಾರೆ.”

ಸಾಗಹಾಕಲು ನೋಡುತ್ತಿದ್ದಾನೆ, ನನ್ನನ್ನು ಕಳ್ಳಿ ಅಂದುಕೊಂಡಿದ್ದಾನೆ. ಫಿಲಿಪ್ಪಾಳಿಗೆ ಮೈಯೆಲ್ಲ ಉರಿಯಿತು. ಹೋದ ವರ್ಷ ಬಂದಾಗ ಲೂಚಿಯಾ ಕಮಾನಿನಾಚೆಯ ಮೂಲೆಯಲ್ಲಿದ್ದಳು. ಬೆಳಗಿನ ಗಡಿಬಿಡಿಯಲ್ಲಿ ಕನ್ನಡಕ ಮನೆಯಲ್ಲೇ ಉಳಿದರೇನಂತೆ, ಆ ಮೂಲೆಗೆ ಕಣ್ಣು ಮುಚ್ಚಿಕೊಂಡೂ ಹೋಗಬಲ್ಲಳು.

ಹೋದಳು. ಅದೇ ಮೂಲೆ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ದುಂಡಗೆ ಎರಡು. ಫಿಲಿಪ್ಪಾ ಹಣೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದಳು.

“ತಲೆ ಸುತ್ತುತ್ತೆ... ಒಂಚೂರು ನೀರು ತಂದ್ಕೊಡಪ್ಪ.”

ಅವನು ಓಡಿದ. ಅವಳು ಎದ್ದಳು. ಅಡ್ಡ ಕಟ್ಟಿದ ಹಗ್ಗ ದಾಟಿ ಓಲೆಗಳನ್ನು ತಟ್ಟೆಗೆ ಹಾಕಿದಳು.

“ತಾಯೀ, ಕೂಸಿನ ಕಣ್ಣು ಉಳಿಸಿಕೊಡು. ಇನ್ನೇನೂ ಕೇಳಲ್ಲ.”

ಅಳು ಉಕ್ಕಿ ಬಂತು. ಕಣ್ಣೊರೆಸಿಕೊಂಡು ತಿರುಗಿದರೆ, ಲೋಟ ಹಿಡಿದು ಅವನು ಬಾಗಿಲಲ್ಲೇ ನಿಂತಿದ್ದ. ಎಲ್ಲ ನೋಡಿದ್ದ. ಹಗ್ಗ ದಾಟಿ ಬಂದು ಓಲೆಗಳನ್ನು ತಟ್ಟೆಯಿಂದ ಎತ್ತಿದ.

“ಬೇಡಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ! ಹರಕೆ ಅದು, ತೆಗೀಬೇಡ!”

ಅವನು ಓಲೆಗಳನ್ನು ಅವಳ ಅಂಗೈಗೇ ಇಟ್ಟು, ಬೆರಳುಗಳನ್ನು ಮಡಚಿದ.

“ಇವಳು ಸಂತ ಆಗಾತಾ, ಅಜ್ಜಿ. ತಟ್ಟೇಲಿರೋದು ಕಣ್ಣಲ್ಲ, ಪಾಪಿಗಳು ಕೊಯ್ದ ಅವಳ ಮೊಲೆ. ನಿಮ್ಮ ಲೂಚಿಯಾನ ಮಹಡಿಗೆ ಸಾಗಿಸಿದ್ದಾರೆ. ಬೇಗ ಹತ್ತಿ, ಯಾರಾದ್ರೂ ಬಂದ್ರೆ ನಾನು ಕೆಳಗಿಂದ ಕೆಮ್ತೀನಿ.”