ಬೋರ್ಡಿನ ಮೇಲಿನ ಹುಡುಗ

ಷಡಕ್ಷರಿ ಇಟ್ಟ ಎರಡು ಅಂಗಡಿಗಳೂ ಹೇಳಹೆಸರಿಲ್ಲದಂತೆ ಮುಚ್ಚಿಹೋಗಿದ್ದವು. ಮೂರನೆಯದು ಮಕ್ಕಳ ಬಟ್ಟೆ ಅಂಗಡಿ. ಇದೂ ಕೈಕೊಟ್ಟರೆ ಊರಲ್ಲಿ ತಲೆಯೆತ್ತಿ ಓಡಾಡುವ ಹಾಗಿರಲಿಲ್ಲ.

"ಲೋಗೋ ಅಂದ್ರೆ ದಾರೀಲಿ ಹೋಗೋರು ನಿಂತು ನೋಡ್ಬೇಕು ಕಣೋ ಪಾಂಡು," ಅಂತ ಫ್ಲೆಕ್ಸ್ ಮಾಡುವವನ ಬೆನ್ನು ಹತ್ತಿದ. ಆನೆ ಬರೆಸಿದ, ಬಲೂನು ಬರೆಸಿದ, ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ.

"ಇರಿ ಅಣ್ಣ," ಅಂದ ಪಾಂಡು ಕಂಪ್ಯೂಟರಿನಲ್ಲಿದ್ದ ಹಳೇ ಫೋಟೋಗಳನ್ನೆಲ್ಲ ಜಾಲಾಡಿ, ಬಾಯ್ತುಂಬ ನಗುತ್ತಿದ್ದ ಪುಟ್ಟ ಹುಡುಗನೊಬ್ಬನ ಮುಖ ತಂದು ಅಂಗಡಿಯ ಹೆಸರಿನ ಪಕ್ಕ ಕೂರಿಸಿದ.

"ಅಬ್ಬಾ, ಇದಪ್ಪಾ ಕಳೆ! ಅಳೋ ಮಗೂನೂ ನಗಿಸ್ಬಿಡ್ತಾನೆ ಇವ್ನು. ಯಾರ ಮಗನೋ?"

"ಯಾರದೋ ಬಿಡಿ ಅಣ್ಣ. ಯಾರು ಬಂದು ಕೇಳ್ತಾರೆ?"

ಅಂಗಡಿ ತೆರೆದ ದಿನ ಬೆಳಗ್ಗೆಯೇ ಒಬ್ಬ ಹೆಂಗಸು ಬೋರ್ಡಿನ ಕೆಳಗೆ ಬಂದು ನಿಂತಳು. ತಲೆಯೆತ್ತಿ ನೋಡುತ್ತಲೇ ಇದ್ದಳು. ಹಿಂದಿನಿಂದ ಆಟೋದವನು ಹಾರನ್ ಹೊಡೆದರೂ ಕದಲಲಿಲ್ಲ. ಷಡಕ್ಷರಿ ಖುಷಿ ತಡೆಯಲಾರದೆ ಪಕ್ಕದಲ್ಲಿ ನಿಂತಿದ್ದ ಪಾಂಡುವಿನ ಬೆನ್ನಿಗೊಂದು ಗುದ್ದಿದ.

"ನಿಲ್ಲಿಸೇಬಿಟ್ಯಲ್ಲೋ ಪುಣ್ಯಾತ್ಮ!"

ಕೈಮುಗಿಯುತ್ತ ಮೆಟ್ಟಿಲಿಳಿದ.

"ಒಳಗೆ ಬನ್ನಿ ತಾಯಿ, ಬೋಣಿ ನಿಮ್ಮದೇ ಆಗಲಿ. ಮಗೂಗೆ ಎಷ್ಟು ವರ್ಷ?"

ಹೆಂಗಸು ಬೋರ್ಡಿನಿಂದ ಕಣ್ಣು ಕೀಳಲಿಲ್ಲ.

"ನನ್ನ ಮಗನ ಶ್ರದ್ಧಾಂಜಲಿ ಫ್ಲೆಕ್ಸಲ್ಲಿ ಇದೇ ಫೋಟೋಗೆ ಹಾರ ಇತ್ತಲ್ಲಣ್ಣ, ಅದನ್ನ ಯಾರು ತೆಗೆದ್ರು?"