ಸೀಸದ ಸೊಪ್ಪು

ತರಕಾರಿಯಲ್ಲಿರುವ ಸೀಸದ ವಿಷವನ್ನು ಅಳೆಯುವ ಯಂತ್ರ ಸರಿಯಾಗಿದೆಯೇ ಎಂದು ತಿಳಿಯಲು, ವಿಷ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಸೊಪ್ಪಿನ ಪುಡಿ ಬೇಕು. ಪ್ರಯೋಗಾಲಯದ ವಾದಿರಾಜನಿಗೆ ಅದಕ್ಕೆ ತಕ್ಕ, ಸೀಸ ತುಂಬಿದ ಸೊಪ್ಪು ಸಿಕ್ಕಿದ್ದು ಕಾರ್ಖಾನೆಯ ಚರಂಡಿ ಪಕ್ಕ ಸೊಪ್ಪು ಬೆಳೆದು ಮಾರುವ ಚಿಕ್ಕತಾಯಮ್ಮನ ಹಿತ್ತಲಲ್ಲಿ. ನಿಜ ಹೇಳಿದರೆ ಕೊಡಲಾರಳೆಂದು ಹೆದರಿ, ಸಂಶೋಧನೆಗೆ ಬೇಕು ಎಂದಷ್ಟೇ ಹೇಳಿ ಒಯ್ದಿದ್ದ.

ಪುಡಿ ಸಿದ್ಧವಾಯಿತು. ಬಾಯಿ ಮುಚ್ಚಿಕೊಂಡಿದ್ದ ತಪ್ಪು ಮಾತ್ರ ಅವನನ್ನು ಕೊರೆಯುತ್ತಲೇ ಇತ್ತು. ಎಲ್ಲ ಹೇಳಿಬಿಡಲೆಂದು ಅವಳ ಮನೆಗೆ ಹೋದ.

"ಅಮ್ಮಾ, ಆ ಸೊಪ್ಪು ಈಗಲೂ ಮಾರ್ತಿದ್ದೀರಾ?"

"ಇಲ್ಲ ಸ್ವಾಮಿ, ಮಾರೋದು ಬಿಟ್ಬಿಟ್ಟೆ."

ವಾದಿರಾಜನ ಎದೆ ಹಗುರಾಯಿತು. "ಒಳ್ಳೇದಾಯ್ತು. ಯಾಕೆ ಬಿಟ್ರಿ?"

"ಓದಿದೋರು ನೀವೇ ಹುಡುಕ್ಕೊಂಡು ಬಂದು ಒಯ್ದ ಸೊಪ್ಪು, ಕಂಡೋರಿಗೆ ಯಾಕೆ ಮಾರ್ಲಿ? ಬಸುರಿ ಸೊಸೆಗೆ ಎರಡು ಹೊತ್ತೂ ಅದನ್ನೇ ಉಣ್ಣಿಸ್ತಿದ್ದೀನಿ."